ಒಂಬತ್ತು ಬೆರಳುಗಳ ಜವಾಬ್ದಾರಿ

ನನ್ನ ಗಂಡ ಅಯ್ಯೂಬ್ ರಿಯಾದಿನ ಜೂನ್ ತಿಂಗಳಲ್ಲೂ ಕಾಲುಚೀಲ ಹಾಕಿಕೊಳ್ಳುವ ಮನುಷ್ಯ. ಹೊರಗೆ ನಲವತ್ತಾರು ಡಿಗ್ರಿ ಬಿಸಿಲಿರಲಿ, ಮನೆಯೊಳಗೆ ಟೈಲ್ಸಿನ ಮೇಲೆ ನಡೆಯುವುದಿರಲಿ, ಬಿಳಿ ಹತ್ತಿಯ ಕಾಲುಚೀಲ ಅವರ ಕಾಲಲ್ಲಿ ಇರಲೇಬೇಕು. ಮದುವೆಯಾದ ಹೊಸತರಲ್ಲಿ ಇದು ಗತ್ತು ಎಂದುಕೊಂಡಿದ್ದೆ. ಗಲ್ಫಿನ ಗಂಡಲ್ಲವೇ, ಸ್ಟೈಲು ಮಾಡುತ್ತಾನೆ ಎಂದು ಅಕ್ಕಂದಿರ ಹತ್ತಿರ ಹೇಳಿ ನಕ್ಕಿದ್ದೆ. ಗತ್ತಲ್ಲವೆಂದು ಗೊತ್ತಾದ ಮೇಲೂ ನಗುವುದನ್ನು ಬಿಡಲಿಲ್ಲ. ನನ್ನ ಬಾಯಿ ಅಂಥದ್ದು, ಏನು ಮಾಡುವುದು.

ಸಂಗತಿ ಇಷ್ಟೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಇವರು ಮಂಗಳೂರಿನಲ್ಲಿ ಮೀನಿನ ಬೋಟು ನಿಲ್ಲುವ ದಕ್ಕೆಯ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಐಸಿನ ಗಡ್ಡೆಗಳನ್ನು ಎಳೆದು, ಪುಡಿ ಮಾಡಿ, ಮೀನಿನ ಬೋಟುಗಳಿಗೆ ತುಂಬಿಸುವುದು. ಕಾಲಿಗೊಂದು ರಬ್ಬರ್ ಚಪ್ಪಲಿ ಬಿಟ್ಟರೆ ಏನೂ ಇಲ್ಲ. ಒಂದು ಸೀಸನ್ ಮುಗಿಯುವಷ್ಟರಲ್ಲಿ ಎಡಗಾಲಿನ ಕೊನೆಯ ಎರಡು ಬೆರಳುಗಳು ಮರಗಟ್ಟಿ ಕಪ್ಪಾದವು, ಉಗುರು ಉದುರಿ ಹೋಯಿತು, ಸ್ಪರ್ಶ ವಾಪಸು ಬರಲೇ ಇಲ್ಲ. ಈಗಲೂ ಆ ಬೆರಳುಗಳಿಗೆ ಬಿಸಿಯೂ ತಿಳಿಯುವುದಿಲ್ಲ, ಮುಳ್ಳೂ ತಿಳಿಯುವುದಿಲ್ಲ. ಅದನ್ನು ಯಾರಿಗೂ ತೋರಿಸಬಾರದೆಂದೇ ಈ ಕಾಲುಚೀಲ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಆ ಕಾಲನ್ನು ಸರಿಯಾಗಿ ನೋಡಿದವಳು ನಾನೊಬ್ಬಳೇ.

ಇವರು ಕೆಲಸ ಮಾಡುವುದು ಭಟ್ಕಳದ ಖಲೀಲುರ್ರಹ್ಮಾನ್ ಸಾಹೇಬರು ನಡೆಸುವ ಅಂಗಡಿಯಲ್ಲಿ. ಡೇರೆ, ಮಡಚುವ ಕುರ್ಚಿ, ಇದ್ದಲಿನ ಒಲೆ, ನಿದ್ದೆಚೀಲ, ಗಾಳ, ದಾರ, ಹೀಗೆ ಮನೆ ಬಿಟ್ಟು ಹೊರಗೆ ಕೂರುವವರಿಗೆ ಬೇಕಾದ ಎಲ್ಲವೂ ಅಲ್ಲಿ ಸಿಗುತ್ತದೆ. ಚಳಿ ಶುರುವಾದ ಕೂಡಲೇ ಸೌದಿಯವರು ಮರುಭೂಮಿಗೆ ಹೋಗಿ ಡೇರೆ ಹೊಡೆದು ಕೂರುತ್ತಾರೆ. ಆ ಸೀಸನ್ನಿನಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪರದೆಯ ಆಚೆ ನಾನು ಹೊಲಿಗೆ ಯಂತ್ರದ ಮುಂದೆ ಕೂರುತ್ತೇನೆ. ಹರಿದ ಡೇರೆ, ಕೆಟ್ಟ ಜಿಪ್ಪು, ಬಿಚ್ಚಿದ ಅಂಚು ಎಲ್ಲ ನನ್ನ ಪಾಲು. ಪುತ್ತೂರಿನಲ್ಲಿ ರವಿಕೆ ಹೊಲಿಯುತ್ತಿದ್ದ ಕೈ ಈಗ ಕ್ಯಾನ್ವಾಸ್ ಹೊಲಿಯುತ್ತದೆ.

ಕಳೆದ ಅಕ್ಟೋಬರಿನಲ್ಲಿ ಬದ್ರ್ ಎಂಬ ಇಂಜಿನಿಯರ್ ಅಂಗಡಿಗೆ ಬಂದ. ಹಳೆಯ ಗಿರಾಕಿ. ಕೆನಡಾದ ವಿನ್ನಿಪೆಗ್‌ನಲ್ಲಿ ಓದಿದವನು. ಅಲ್ಲಿ ಚಳಿಗಾಲದಲ್ಲಿ ಕೆರೆಯೇ ಹೆಪ್ಪುಗಟ್ಟಿ ಅದರ ಮೇಲೆ ಲಾರಿ ಓಡಿಸಬಹುದಂತೆ. ಜನ ಅದರ ಮೇಲೆ ಡೇರೆ ಹಾಕಿ, ಬೈರಿಗೆಯಿಂದ ಐಸಿಗೆ ತೂತು ಕೊರೆದು, ಮೊಳದುದ್ದದ ಕೋಲಿನಲ್ಲಿ ಗಾಳ ಇಳಿಬಿಟ್ಟು, ಕುರ್ಚಿ ಹಾಕಿಕೊಂಡು ದಿನವಿಡೀ ಕೂರುತ್ತಾರಂತೆ. ಓದು ಮುಗಿದರೂ ಬದ್ರನಿಗೆ ಆ ರುಚಿ ಬಿಟ್ಟಿರಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ಹತ್ತು ದಿನ ಅಲ್ಲಿಗೆ ಹೋಗಿ ಕೂತು ಬರುತ್ತಿದ್ದ. ಮೀನು ಬೇಕಾದರೆ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲವೇ, ಅಷ್ಟು ದೂರ ಹೋಗಿ ನಡುಗಬೇಕೇ ಎಂದು ಪರದೆಯ ಹಿಂದೆ ನನಗೆ ನಗು.

ಆದರೆ ಈ ಸಲ ಅವನ ಜೊತೆ ಅವನ ತಂದೆಯೂ ಬಂದಿದ್ದರು. ಎಲ್ಲರೂ ಅವರನ್ನು ಕರೆಯುವುದು ಅಬೂ ಬದ್ರ್, ಅಂದರೆ ಬದ್ರನ ಅಪ್ಪ ಎಂದೇ. ಎಪ್ಪತ್ತೆಂಟು ವರ್ಷ, ಹಾಯಿಲ್ ಕಡೆಯ ಖರ್ಜೂರದ ತೋಟದವರು, ನೆಟ್ಟಗಿನ ಬೆನ್ನು. ಇಪ್ಪತ್ತೈದು ವರ್ಷದ ಸಕ್ಕರೆ ಕಾಯಿಲೆ. ಹೋದ ವರ್ಷ ಎಡಗಾಲಿನ ಒಂದು ಬೆರಳು ಕತ್ತರಿಸಿದ್ದರು. ಉಳಿದದ್ದು ಒಂಬತ್ತು. ಪಾದದಲ್ಲಿ ಸ್ಪರ್ಶ ಎಂಬುದು ಹೆಚ್ಚುಕಡಿಮೆ ಇರಲಿಲ್ಲ.

"ನನಗೆ ಮೀನು ಬೇಡ," ಎಂದು ಮುದುಕರು ಅರಬಿಯಲ್ಲಿ ಇವರಿಗೆ ಹೇಳಿದರು. "ಇವನ ತಾಯಿ ಹೋದ ಮೇಲೆ ಮನೆಯಲ್ಲಿ ಇವನು ಮಾತೇ ಆಡುವುದಿಲ್ಲ. ಅಲ್ಲಿ ಐಸಿನ ಮೇಲೆ ಕೂತರೆ ಗೆಳೆಯರ ಹತ್ತಿರ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಾನಂತೆ. ಒಂದು ಸಲ ನಾನೂ ಪಕ್ಕದಲ್ಲಿ ಕೂರಬೇಕು."

ಬದ್ರ್ ತಲೆ ತಗ್ಗಿಸಿದ. ಆಮೇಲೆ ಡಾಕ್ಟರು ಹೇಳಿದ್ದನ್ನು ಹೇಳಿದ. ಕಾಲು ಬೆಚ್ಚಗಿರಬೇಕು, ಒಣಗಿರಬೇಕು. ಇವೆರಡಕ್ಕೆ ಖಾತ್ರಿ ಇದ್ದರೆ ಮಾತ್ರ ಕರೆದುಕೊಂಡು ಹೋಗು. ಒದ್ದೆಯಾಗಿ ಚಳಿ ಹಿಡಿದರೆ ನಿನ್ನ ತಂದೆಗೆ ಗೊತ್ತೇ ಆಗುವುದಿಲ್ಲ, ನಿನಗೆ ಗೊತ್ತಾಗುವಾಗ ಬೆರಳಲ್ಲ, ಪಾದವೇ ಹೋಗಿರುತ್ತದೆ.

"ಅಯ್ಯೂಬ್, ಖಾತ್ರಿ ಉಂಟೋ ಇಲ್ಲವೋ ನೀನೇ ಹೇಳು," ಎಂದ ಬದ್ರ್. "ಇಲ್ಲವೆಂದರೆ ಟಿಕೆಟ್ ತೆಗೆಯುವುದಿಲ್ಲ."

ಬುದ್ಧಿ ಇರುವ ಯಾವ ಸೇಲ್ಸ್‌ಮನ್ ಆದರೂ ದುಬಾರಿ ಬೂಟೊಂದನ್ನು ಮುಂದಿಟ್ಟು ಇನ್ಷಾ ಅಲ್ಲಾಹ್ ಎಂದು ಕೈ ತೊಳೆದುಕೊಳ್ಳುತ್ತಿದ್ದ. ನಮ್ಮವರು ಹಾಗೆ ಮಾಡಲಿಲ್ಲ. ಜನವರಿಯವರೆಗೆ ಸಮಯ ಕೊಡಿ, ಆಮೇಲೆ ಹೇಳುತ್ತೇನೆ ಎಂದರು. ಸಾಹೇಬರು ಕೌಂಟರಿನಿಂದ ಕಣ್ಣು ದೊಡ್ಡದು ಮಾಡಿದರು. ನನಗೂ ಸಿಟ್ಟು ಬಂತು. ಯಾರದೋ ತಂದೆಯ ಕಾಲು, ನಮಗೆ ಯಾಕೆ ಬೇಕು ಈ ಉಸಾಬರಿ?

ಅಂದು ಮೆಟ್ರೋದಲ್ಲಿ ಮನೆಗೆ ಹೋಗುವಾಗ ಕೇಳಿಯೇ ಬಿಟ್ಟೆ. "ಐಸ್ ಮೇಲೆ ಕೂತು ಮೀನು ಹಿಡಿಯೋದನ್ನ ನೀವು ಜನ್ಮದಲ್ಲಿ ನೋಡಿದ್ದುಂಟಾ?"

"ಮೀನು ಹಿಡಿಯೋದು ನೋಡ್ಲಿಲ್ಲ," ಎಂದರು. "ಐಸ್ ಗೊತ್ತುಂಟಲ್ಲ."

ಮಾತು ಅಷ್ಟೇ. ಆದರೆ ಆಮೇಲಿನ ಮೂರು ತಿಂಗಳು ಆ ಮನುಷ್ಯ ಮಾಡಿದ್ದನ್ನು ನೋಡಿ ನಾನು ಬೆಕ್ಕಸ ಬೆರಗಾದೆ. ಬಾಯಲ್ಲಿ ಹೇಳಲಿಲ್ಲ, ಅದು ಬೇರೆ ವಿಷಯ.

ಮೊದಲು ಬದ್ರನನ್ನು ಕೂರಿಸಿಕೊಂಡು ಅಲ್ಲಿನ ಒಂದು ದಿನದ ಕತೆಯನ್ನೆಲ್ಲ ಕೇಳಿದರು. ಎಷ್ಟು ಗಂಟೆಗೆ ಹೋಗುವುದು, ಗಾಡಿಯಿಂದ ಡೇರೆಗೆ ಎಷ್ಟು ಹೆಜ್ಜೆ, ಕುರ್ಚಿ ಎಷ್ಟು ಎತ್ತರ, ಮೂತ್ರಕ್ಕೆ ಎಲ್ಲಿಗೆ, ಚಹಾ ಯಾವಾಗ. ಬದ್ರ್ ಬೈರಿಗೆ ಯಾವ ಕಂಪನಿಯದು, ಗಾಳಕ್ಕೆ ಎಂಥ ದಾರ ಎಂದೆಲ್ಲ ಹೇಳಲು ಹೊರಟರೆ ಇವರು ಅದನ್ನು ತಳ್ಳಿಹಾಕಿದರು. ಮೀನಿನ ಜವಾಬ್ದಾರಿ ನಿನ್ನದು, ಕೂತವರ ಜವಾಬ್ದಾರಿ ನನ್ನದು ಎಂದರು. ಹೊರಗಿನಿಂದ ತರಿಸಬೇಕಾದ ದಪ್ಪ ಉಡುಪು, ಒಳಗೆ ಉಣ್ಣೆಯ ಪದರವಿರುವ ಬೂಟು, ಎರಡು ಪದರದ ಡೇರೆ ಎಲ್ಲವನ್ನೂ ಅಕ್ಟೋಬರಿನಲ್ಲೇ ಆರ್ಡರ್ ಬರೆಸಿದರು. ಸೀಸನ್ ಹತ್ತಿರ ಬಂದ ಮೇಲೆ ಅಳತೆ ಸಿಗುವುದಿಲ್ಲ ಎಂಬುದು ಅಂಗಡಿಯವರಿಗೆ ಗೊತ್ತಿರುವ ಸಂಗತಿ.

ಸರಕು ಬಂದದ್ದು ನವೆಂಬರ್ ಕೊನೆಗೆ. ಒಂದು ಶುಕ್ರವಾರ ಜುಮಾ ಮುಗಿಸಿ ಇವರು ಆ ಉಡುಪು, ಬೂಟು, ಕುರ್ಚಿ ಎಲ್ಲವನ್ನೂ ಟ್ಯಾಕ್ಸಿಗೆ ತುಂಬಿಸಿ, ನನ್ನನ್ನೂ ಕರೆದುಕೊಂಡು ಮೀನು ಮಾರ್ಕೆಟ್ಟಿಗೆ ಹೊರಟರು. ಅಲ್ಲಿ ಸಾಹೇಬರ ಪರಿಚಯದವರ ಕೋಲ್ಡ್ ಸ್ಟೋರೇಜ್ ಉಂಟು. ಒಳಗೆ ಮೈನಸ್ ಇಪ್ಪತ್ತೆರಡು. ಹಮೂರ್ ಮೀನಿನ ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿ, ಆ ದಪ್ಪ ಉಡುಪಿನಲ್ಲಿ ಹೊಟ್ಟೆ ಬಂದವರ ಹಾಗೆ ಉಬ್ಬಿಕೊಂಡು ಕೂತರು. ಎರಡು ಗಂಟೆ! ಮುದುಕರು ಎರಡು ಗಂಟೆಗೊಮ್ಮೆ ಎದ್ದು ಓಡಾಡುತ್ತಾರೆ, ಅಷ್ಟು ಹೊತ್ತು ನಾನೂ ಕೂರಬೇಕು ಎಂಬುದು ಲೆಕ್ಕಾಚಾರ. ನಾನು ಹೊರಗೆ ಫ್ಲಾಸ್ಕಿನಲ್ಲಿ ಸುಲೈಮಾನಿ ಚಹಾ ಹಿಡಿದುಕೊಂಡು, ಬಾಗಿಲಿನ ಸಣ್ಣ ಗಾಜಿನಲ್ಲಿ ಇಣುಕುತ್ತಾ ನಿಂತೆ. ಕೆಲಸದ ಬಂಗಾಳಿಗಳು ಇವರನ್ನು ನೋಡಿ ಪಾಗಲ್ ಹೈ ಎಂದು ನಕ್ಕರು. ನಗುವ ಹಕ್ಕು ನನ್ನದು, ಅವರದ್ದಲ್ಲ, ಸರಿಯಾಗಿ ಗದರಿಸಿದೆ.

ಹೊರಗೆ ಬಂದಾಗ ಇವರ ರೆಪ್ಪೆಯ ಮೇಲೆಲ್ಲ ಬಿಳಿ.

"ಬೂಟು ಪಾಸ್," ಎಂದರು ಹಲ್ಲು ಕಟಕಟ ಎನಿಸುತ್ತಾ. "ಕುರ್ಚಿ ಫೇಲ್. ಅಡಿಯಿಂದ ಚಳಿ ಹತ್ತುತ್ತದೆ. ಮತ್ತೆ ಈ ಕೈ ನೋಡು ರುಕಯ್ಯಾ, ತೋಳು ಮೇಲೆ ಹೋಗೋದೇ ಇಲ್ಲ."

"ತೋಳು ಮೇಲೆ ಎಂತಕ್ಕೆ ಹೋಗ್ಬೇಕು?"

"ವುಝೂ ಮಾಡೋದು ಹೇಗೆ ಮಾರಾಯ್ತಿ?"

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಆ ಉಡುಪು ಹೊಲಿದ ದೇಶದವರಿಗೂ ಹೊಳೆದಿರಲಿಕ್ಕಿಲ್ಲ. ನಮಾಝಿಗೆ ಮುಂಚೆ ಮುಖ ತೊಳೆಯಬೇಕು, ಮೊಣಕೈಯವರೆಗೆ ಕೈ ತೊಳೆಯಬೇಕು, ತಲೆ ಸವರಬೇಕು, ಕಾಲು ತೊಳೆಯಬೇಕು. ಆ ಉಡುಪಿನ ತೋಳು ಮಣಿಕಟ್ಟಿನಲ್ಲಿ ಬಿಗಿಯಾಗಿ ಕಚ್ಚಿಕೊಂಡಿತ್ತು. ಮುದುಕರು ಆ ಚಳಿಯಲ್ಲಿ ಅಂಗಿ ಪೂರ್ತಿ ಕಳಚಬೇಕು, ಇಲ್ಲವೇ ತೋಳು ಒದ್ದೆ ಮಾಡಿಕೊಳ್ಳಬೇಕು. ಮರುದಿನವೇ ನಾನು ಎರಡೂ ತೋಳುಗಳನ್ನು ಮಣಿಕಟ್ಟಿನಿಂದ ಮೊಣಕೈಯವರೆಗೆ ಸೀಳಿ ಜಿಪ್ಪು ಹಾಕಿದೆ. ಒಳಗಿನಿಂದ ಗಾಳಿ ನುಗ್ಗದ ಹಾಗೆ ಒಂದು ಪಟ್ಟಿ ಕೊಟ್ಟೆ. ಇವರು ಅದನ್ನು ಹತ್ತು ಸಲ ತೆರೆದು ಮುಚ್ಚಿ ನೋಡಿ, "ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು" ಎಂದರು. ಬಳೆ ಇನ್ನೂ ಬಂದಿಲ್ಲ. ಕುರ್ಚಿಯ ಅಡಿಗೆ ಹಾಯಿಲಿನ ಕುರಿ ಚರ್ಮದ ಹಾಸು ಬಂತು, ಅದು ಮುದುಕರ ಮನೆಯಲ್ಲೇ ಇತ್ತು.

ಉಳಿದದ್ದು ಕಾಲು. ದೊಡ್ಡ ಸಮಸ್ಯೆ ಅದೇ.

ಪ್ರತಿ ಸಲ ಬೂಟು, ಕಾಲುಚೀಲ ಕಳಚಿ ಪಾದ ತೊಳೆದರೆ ಡಾಕ್ಟರ ಮಾತು ಅಲ್ಲಿಗೇ ಮುಗಿಯಿತು. ಪ್ರಯಾಣದಲ್ಲಿರುವವರಿಗೆ ಅದಕ್ಕೊಂದು ರಿಯಾಯಿತಿ ಉಂಟು. ಪಾದ ಶುದ್ಧವಿರುವಾಗ ತೊಗಲಿನ ಕಾಲುಚೀಲ ತೊಟ್ಟುಕೊಂಡರೆ, ಮೂರು ದಿನದವರೆಗೆ ಪಾದ ತೊಳೆಯುವ ಬದಲು ಒದ್ದೆ ಕೈಯಿಂದ ಅದರ ಮೇಲೆ ಸವರಿದರೆ ಸಾಕು. ಅದಕ್ಕೆ ಖುಫ್ ಎನ್ನುತ್ತಾರೆ. ಬೂಟಿನ ಮೇಲೆಯೇ ಸವರಿ ಬೂಟಿನಲ್ಲೇ ನಮಾಝ್ ಮಾಡಬಹುದಲ್ಲ ಎಂದೆ ನಾನು. ಬೂಟಿಗೆ ಮೀನಿನ ನೆತ್ತರು, ಕೊಚ್ಚೆ ಎಲ್ಲ ಮೆತ್ತಿರುತ್ತದೆ, ಅದನ್ನು ಕಳಚಲೇಬೇಕು ಎಂದರು ಇವರು. ಆಮೇಲೆ ಉಳ್ಳಾಲದ ಮದ್ರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ ನಿಯಮಗಳನ್ನು ಒಂದೊಂದಾಗಿ ಒಪ್ಪಿಸಿದರು. ಪಾದದ ಹರಡು ಮುಚ್ಚಬೇಕು. ಗಟ್ಟಿಯಿರಬೇಕು. ನೀರು ಒಳಗೆ ಹೋಗಬಾರದು. ಬಟ್ಟೆಯದ್ದು, ಉಣ್ಣೆಯದ್ದು ಆಗುವುದಿಲ್ಲ.

ಮದೀನಾದಲ್ಲಿ ತೊಗಲಿನ ಖುಫ್ ಸಿಗುತ್ತದೆ. ಸಾಹೇಬರ ಸಂಬಂಧಿಕರೊಬ್ಬರ ಕೈಯಲ್ಲಿ ಒಂದು ಜೊತೆ ತರಿಸಿದರು. ನೋಡಲು ಚಂದವೇ ಇತ್ತು. ಇವರು ಒಳಗೆ ಕೈ ಹಾಕಿ ಬೆರಳ ತುದಿಯಿಂದ ಎಲ್ಲ ಕಡೆ ತಡವಿ, ಮುಂಭಾಗದ ಹೊಲಿಗೆಯ ಹತ್ತಿರ ನಿಂತರು.

"ಇಲ್ಲಿ ಗಂಟುಂಟು. ನಮಗಾದ್ರೆ ಉಜ್ಜಿದ ಕೂಡ್ಲೆ ಗೊತ್ತಾಗ್ತದೆ, ತೆಗ್ದು ಬಿಸಾಡ್ತೇವೆ. ಗೊತ್ತಾಗದ ಕಾಲಿಗೆ ಇದು ಹುಣ್ಣು ಮಾಡಿಯೇ ಬಿಡ್ತದೆ."

ಗೊತ್ತಾಗದ ಕಾಲು ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಜೊತೆಯನ್ನು ಬದಿಗಿಟ್ಟರು. ಅಳತೆ ತೆಗೆದು ನಾವೇ ಹೊಲಿಯಬೇಕು, ಹೊಲಿಗೆ ಪೂರ್ತಿ ಹೊರಗಡೆಯೇ ಇರಬೇಕು ಎಂದು ತೀರ್ಮಾನವಾಯಿತು. ತೀರ್ಮಾನ ಅವರದ್ದು, ಹೊಲಿಗೆ ನನ್ನದು.

ಡಿಸೆಂಬರಿನ ಒಂದು ಬೆಳಿಗ್ಗೆ ಅಬೂ ಬದ್ರ್ ಅಳತೆ ಕೊಡಲು ಬಂದರು. ಅಂಗಡಿಯಲ್ಲಿ ಆಗ ಬೇರೆ ಗಿರಾಕಿಗಳಿರಲಿಲ್ಲ. ಕಾಲು ಇಡಲು ಇವರು ಒಂದು ಸ್ಟೂಲು ತಂದಿಟ್ಟರು, ನೆಲದ ಮೇಲೆ ಡೇರೆಯ ಪೆಟ್ಟಿಗೆಯಿಂದ ಹರಿದ ರಟ್ಟು ಹಾಸಿದರು. ಮುದುಕರು ಕಾಲು ಮುಂದೆ ಚಾಚಲಿಲ್ಲ. ಇನ್ನೊಬ್ಬರ ಮುಖದ ಮುಂದೆ ಪಾದ ಹಿಡಿಯುವುದು ಅವರಲ್ಲಿ ಮರ್ಯಾದೆಯಲ್ಲ. ಅದರಲ್ಲೂ ಅಂಥ ಕಾಲು. ಬದ್ರ್ ಬೇಡಿಕೊಂಡ, ಸಾಹೇಬರು ಗಹ್ವಾ ಕಾಫಿ ತರಿಸಿದರು. ಮುದುಕರ ಮುಖ ಬಿಗಿಯಾಗುತ್ತಾ ಹೋಯಿತು.

"ಬಿಡಿ, ಹೋಗುವುದೇ ಬೇಡ," ಎಂದು ಊರುಗೋಲಿಗೆ ಕೈ ಹಾಕಿದರು.

ಪರದೆಯ ಸಂದಿಯಲ್ಲಿ ನಾನು ನೋಡುತ್ತಿದ್ದೆ. ಇವರು ನೆಲದ ಮೇಲೆ ಕುಳಿತು, ತಮ್ಮ ಎಡಗಾಲಿನ ಬಿಳಿ ಕಾಲುಚೀಲವನ್ನು ಕಳಚಿ, ಆ ಪಾದವನ್ನು ರಟ್ಟಿನ ಮೇಲೆ ಇಟ್ಟರು. ಉಗುರಿಲ್ಲದ ಎರಡು ಕಪ್ಪು ಬೆರಳುಗಳು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡವು. ಹದಿನೈದು ವರ್ಷ ಜೊತೆಗೆ ದುಡಿದ ಸಾಹೇಬರು ಅದನ್ನು ಮೊದಲ ಸಲ ನೋಡಿದರು.

"ಇದಕ್ಕೂ ಏನೂ ಗೊತ್ತಾಗುವುದಿಲ್ಲ, ಅಬೂ ಬದ್ರ್," ಎಂದು ಇವರು ಅರಬಿಯಲ್ಲಿ ಹೇಳಿದರು. "ಐಸಿನಲ್ಲಿ ಹೋದದ್ದು. ನಿಮ್ಮದು ಹೋಗಬಾರದು ಎಂದೇ ಕೇಳುತ್ತಿದ್ದೇನೆ."

ಮುದುಕರು ಬಹಳ ಹೊತ್ತು ಆ ಕಾಲನ್ನೇ ನೋಡಿದರು. ಆಮೇಲೆ ಊರುಗೋಲನ್ನು ಗೋಡೆಗೆ ಒರಗಿಸಿ, ತಾವೇ ಬಗ್ಗಿ ಕಾಲುಚೀಲ ಎಳೆದರು. ಇವರು ಆ ಪಾದವನ್ನು ರಟ್ಟಿನ ಮೇಲಿರಿಸಿ ಪೆನ್ನಿನಿಂದ ಸುತ್ತಲೂ ಗೆರೆ ಎಳೆದರು. ಬೆರಳಿಲ್ಲದ ಕಡೆ ಇನ್ನಷ್ಟು ನಿಧಾನ ಮಾಡಿದರು. ನನಗೆ ಯಂತ್ರದ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ. ಇಂಥ ಗಂಡನನ್ನು ಇಷ್ಟು ವರ್ಷ ಬಾಯಿಗೆ ಬಂದ ಹಾಗೆ ಹಾಸ್ಯ ಮಾಡಿದೆನಲ್ಲ ಎಂದು ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಆ ಖುಫ್ ಹೊಲಿಯಲು ನನಗೆ ಮೂರು ವಾರ ಹಿಡಿಯಿತು. ಬತ್ತಾ ಮಾರ್ಕೆಟ್ಟಿನಿಂದ ತೆಳ್ಳಗಿನ ಮೇಕೆ ತೊಗಲು ತಂದುಕೊಟ್ಟರು. ಮೊದಲಿನ ಎರಡು ಜೊತೆ ಹಾಳಾಯಿತು. ಮೂರನೆಯದರಲ್ಲಿ ಹೊಲಿಗೆ ಪೂರ್ತಿ ಹೊರಗೆ ಬಂತು, ಒಳಗೆ ಕೈ ಹಾಕಿದರೆ ಬೆಣ್ಣೆ ಸವರಿದಷ್ಟು ನುಣುಪು. ಮೊಣಕಾಲಿನ ಕೆಳಗಿನವರೆಗೆ ಎತ್ತರ ಇಟ್ಟು, ಮೇಲಿನ ಅಂಚಿಗೆ ಬಿಗಿದು ಕಟ್ಟುವ ಮೆತ್ತನೆಯ ಪಟ್ಟಿಯನ್ನೂ ಕೊಟ್ಟೆ. ಹೊಲಿಗೆಯ ತೂತಿನಿಂದ ಸ್ವಲ್ಪ ನೀರು ಹೋದರೆ ದೋಷವಿಲ್ಲ ಎಂದು ಕಿತಾಬು ಹೇಳುತ್ತದಂತೆ. ಕಿತಾಬಿಗೆ ಸಾಕಾದದ್ದು ಇವರಿಗೆ ಸಾಕಾಗಲಿಲ್ಲ. ಹೊಲಿಗೆಗೆಲ್ಲ ಜೇನುಮೇಣ ತಿಕ್ಕಿಸಿದರು. ಆಮೇಲೆ ಒಳಗೆ ಟಿಶ್ಯೂ ಕಾಗದ ತುರುಕಿ, ಅಂಚು ಮೇಲೆ ಬರುವ ಹಾಗೆ ಬಕೆಟ್ ಐಸ್ ನೀರಿನಲ್ಲಿ ಎರಡು ಗಂಟೆ ಮುಳುಗಿಸಿಟ್ಟರು. ಕಾಗದ ಒಣಗಿದ್ದು ಒಣಗಿದ ಹಾಗೆಯೇ ಇತ್ತು.

ಖಾತ್ರಿ ಉಂಟು ಎಂದು ಇವರು ಹೇಳಿ ಕಳುಹಿಸಿದ ಮೇಲೆ ಜನವರಿಯಲ್ಲಿ ತಂದೆ ಮಗ ಸಾಮಾನು ಒಯ್ಯಲು ಬಂದರು. ಇವರು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ ವಿವರಿಸಿದರು. ಜಿಪ್ಪಿನ ತೋಳು ನೋಡಿ ಬದ್ರ್ ಮಾಷಾ ಅಲ್ಲಾಹ್ ಎಂದ. ವುಝೂವಿಗೆ ಉಗುರುಬೆಚ್ಚನೆಯ ನೀರಿನ ಫ್ಲಾಸ್ಕು ನೋಡಿ ತಲೆದೂಗಿದ. ಕೊನೆಗೆ ಇವರು ಖುಫ್ ಎತ್ತಿಕೊಂಡು, ಉಣ್ಣೆಯ ಕಾಲುಚೀಲದ ಮೇಲೆ ಸವರಿದರೆ ಆಗುವುದಿಲ್ಲವಲ್ಲ, ಅದಕ್ಕೆ ಇದನ್ನು ಮಾಡಿಸಿದ್ದು ಎಂದರು.

ಬದ್ರ್ ನಕ್ಕುಬಿಟ್ಟ. ಕೆಟ್ಟ ನಗುವಲ್ಲ, ಆದರೂ ನಗು. "ಆಗುವುದಿಲ್ಲವೆಂದು ಯಾರು ಹೇಳಿದರು ಅಯ್ಯೂಬ್? ನಮ್ಮಲ್ಲಿ ಆಗುತ್ತದೆ. ದಪ್ಪ ಕಾಲುಚೀಲವಾದರೆ ಸಾಕು. ಸುಮ್ಮನೆ ಇಷ್ಟು ಕಷ್ಟಪಟ್ಟೆ."

ಸಾಹೇಬರು ಹಣೆಗೆ ಕೈ ಇಟ್ಟುಕೊಂಡರು. ನಾವು ಕರಾವಳಿಯವರು ಶಾಫಿ ಪಂಥದವರು. ನಮಗೆ ತೊಗಲೇ ಆಗಬೇಕು. ಇಲ್ಲಿಯವರು ಹನ್ಬಲಿ ಪಂಥದವರು, ಅವರಿಗೆ ಬಟ್ಟೆಯದ್ದೂ ನಡೆಯುತ್ತದೆ. ಪ್ರತಿ ಚಳಿಗಾಲದಲ್ಲಿ ಮಸೀದಿಯ ನಲ್ಲಿಯ ಹತ್ತಿರ ಅವರು ಕಾಲುಚೀಲದ ಮೇಲೆ ಸವರುವುದನ್ನು ಇಪ್ಪತ್ತು ವರ್ಷ ಕಣ್ಣಾರೆ ನೋಡಿದವರು ಇವರು, ಮೂವತ್ತು ವರ್ಷ ನೋಡಿದವರು ಸಾಹೇಬರು. ನಮ್ಮ ಮೂರು ತಲೆಗಳಲ್ಲಿ ಒಂದಕ್ಕೂ ಕಾಲು ಯಾರದ್ದು ಎಂದು ಕೇಳಬೇಕೆಂದು ತೋಚಲಿಲ್ಲ. ನಮ್ಮ ಮದ್ರಸದ ನಿಯಮವನ್ನು ಹಾಯಿಲಿನ ಕಾಲಿಗೆ ತೊಡಿಸಲು ಹೊರಟಿದ್ದೆವು.

ಇವರ ಕಿವಿ ಕೆಂಪಾಯಿತು. "ಇರ್ಲಿ, ಬೇಡವಾದ್ರೆ ಇಟ್ಟು ಹೋಗಿ," ಎಂದು ಕನ್ನಡದಲ್ಲೇ ಗೊಣಗಿದರು. ಅಬೂ ಬದ್ರ್ ಖುಫನ್ನು ತೆಗೆದು ಚೀಲಕ್ಕೆ ಹಾಕಿಕೊಂಡರು. ತೊಡುತ್ತಾರೋ, ಇವರ ಮನಸ್ಸು ನೋಯದಿರಲಿ ಎಂದು ಸುಮ್ಮನೆ ಒಯ್ದರೋ ಗೊತ್ತಾಗಲಿಲ್ಲ. ಆ ಬದ್ರನ ತಲೆಗೆ ಎರಡು ಬಿಡಬೇಕೆಂದು ನನ್ನ ಕೈ ತುರಿಸುತ್ತಿತ್ತು.

"ನೀರು ತಾಗಿದ ಉಣ್ಣೆ ಒಳಗೆ ಒದ್ದೆಯಾಗಿಯೇ ಇರ್ತದೆ," ಎಂದು ಮನೆಗೆ ಬಂದ ಮೇಲೆ ಇವರು ನನ್ನ ಹತ್ತಿರ ಹೇಳಿದರು. "ಆಗ್ತದೋ ಇಲ್ವೋ ಅಂತ ಮಾತ್ರ ಹೇಳಿದ್ದು ನಾನು. ಇದನ್ನು ಹೇಳ್ಬೇಕಿತ್ತು. ನಾಚಿಕೆಯಲ್ಲಿ ಬಾಯೇ ಬರ್ಲಿಲ್ಲ."

"ಫೋನ್ ಮಾಡಿ ಹೇಳಿ."

"ಈಗ ಹೇಳಿದ್ರೆ ನನ್ನ ತಪ್ಪು ಮುಚ್ಲಿಕ್ಕೆ ಹೇಳಿದ ಹಾಗಾಗ್ತದೆ."

ಹೇಳಲಿಲ್ಲ. ಫೆಬ್ರವರಿಯ ಮೊದಲ ವಾರ ಅವರು ಹೊರಟರು. ಇವರು ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಫೋನಿನಲ್ಲಿ ವಿನ್ನಿಪೆಗ್‌ನ ಹವೆ ನೋಡುತ್ತಿದ್ದರು. ಮೈನಸ್ ಇಪ್ಪತ್ತಾರು. ಮೈನಸ್ ಮೂವತ್ತು. ನಾಲ್ಕನೇ ದಿನ ಒಂದು ಫೋಟೋ ಬಂತು. ಐಸಿನ ತೂತಿನ ಮುಂದೆ ತಂದೆ ಮಗ ಕುಳಿತಿದ್ದಾರೆ, ದಪ್ಪ ಉಡುಪಿನ ಮೇಲೆ ಹಾಯಿಲಿನ ಕುರಿತುಪ್ಪಳದ ನಿಲುವಂಗಿ ಬೇರೆ ಹೊದ್ದುಕೊಂಡು ಮುದುಕರು ನಗುತ್ತಿದ್ದಾರೆ. ಇವರು ಮುಖ ನೋಡಲಿಲ್ಲ, ಚಿತ್ರವನ್ನು ದೊಡ್ಡದು ಮಾಡಿ ಬೂಟು ನೋಡಿದರು. ಬೂಟಿನೊಳಗೆ ಏನಿದೆ ಎಂದು ಚಿತ್ರದಲ್ಲಿ ಕಾಣುತ್ತದೆಯೇ?

ಎಂಟನೇ ದಿನ ಬದ್ರನ ಧ್ವನಿ ಸಂದೇಶ ಬಂತು. ಗಾಳಿಯ ಸದ್ದು, ಏದುಸಿರು. ತಂದೆಯ ಎಡಗಾಲು ಹಿಮ ಮುಚ್ಚಿದ ಒಂದು ಹಳೆಯ ತೂತಿನೊಳಗೆ ಹೋಗಿದೆ, ಮೊಣಕಾಲಿನವರೆಗೆ ನೀರು, ಬೂಟಿನ ಮೇಲಿನಿಂದ ನೀರು ತುಂಬಿದೆ, ಯಾರಿಗೂ ಹೇಳದೆ ಹಾಗೇ ಕುಳಿತಿದ್ದರು, ಗೊತ್ತಾಗುವಾಗ ಒಂದು ಗಂಟೆಯ ಮೇಲಾಗಿತ್ತು, ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಅಷ್ಟೇ. ಇವರು ತಿರುಗಿ ಫೋನ್ ಮಾಡಿದರೆ ಎತ್ತುವವರಿಲ್ಲ.

ಆಮೇಲಿನ ಐದು ದಿನ ನಮ್ಮ ಮನೆ ಸಾವಿನ ಮನೆಯ ಹಾಗಿತ್ತು. ಇವರು ಊಟದ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಕಾಲು ಹೋಗಿದ್ದರೆ ಅದು ನನ್ನ ಮೇಲೆ, ಖಾತ್ರಿ ಕೊಟ್ಟದ್ದು ನಾನು, ಹೇಳಬೇಕಾದ ಮಾತು ಹೇಳದೆ ಉಳಿಸಿಕೊಂಡದ್ದೂ ನಾನೇ ಎಂದು ಅದನ್ನೇ ಹೇಳುತ್ತಿದ್ದರು. ಒಂದು ದಿನ ಸಿಂಕಿನ ಹತ್ತಿರ ಬಗ್ಗಿ ತಮ್ಮ ಕಪ್ಪು ಬೆರಳುಗಳನ್ನು ಬಹಳ ಹೊತ್ತು ತೊಳೆಯುತ್ತಾ ನಿಂತದ್ದನ್ನು ನೋಡಿದೆ. ನಾನು ಸಮಾಧಾನ ಹೇಳುವವಳಲ್ಲ. ಮೀನು ಹುರಿದು ಕೊಟ್ಟೆ. ತಿನ್ನಲಿಲ್ಲ.

ಆರನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಂಗಡಿಯ ಬಾಗಿಲು ತೆರೆಯಿತು. ಮೊದಲು ಊರುಗೋಲಿನ ಸದ್ದು ಕೇಳಿತು. ಆಮೇಲೆ ಎರಡು ಚಪ್ಪಲಿಗಳ ಸದ್ದು. ನಾನು ಯಂತ್ರ ನಿಲ್ಲಿಸಿ ಪರದೆಯ ಹತ್ತಿರ ಓಡಿದೆ.

ಅಬೂ ಬದ್ರ್ ಎಲ್ಲರಿಗೂ ಸಲಾಂ ಹೇಳಿ ನೇರವಾಗಿ ಕುರ್ಚಿಯಲ್ಲಿ ಕುಳಿತರು. ಸ್ಟೂಲನ್ನು ತಾವೇ ಊರುಗೋಲಿನಿಂದ ಎಳೆದುಕೊಂಡು, ಚಪ್ಪಲಿ, ಕಾಲುಚೀಲ ಎಲ್ಲ ಕಳಚಿ, ತೋಬಿನ ಉದ್ದನೆಯ ಅಂಚನ್ನು ಸ್ವಲ್ಪ ಎತ್ತಿ, ಎರಡೂ ಪಾದಗಳನ್ನು ಅದರ ಮೇಲಿಟ್ಟರು. ಸಾಹೇಬರ ಮುಂದೆ, ಇಬ್ಬರು ಗಿರಾಕಿಗಳ ಮುಂದೆ.

"ಎಣಿಸು," ಎಂದರು ಇವರಿಗೆ.

ಇವರು ನೆಲದ ಮೇಲೆ ಕುಳಿತು ಒಂದೊಂದನ್ನೇ ಮುಟ್ಟಿ ಎಣಿಸಿದರು. ಬಲಗಾಲಿನಲ್ಲಿ ಐದು. ಎಡಗಾಲಿನಲ್ಲಿ ನಾಲ್ಕು. ನಂಬಿಕೆ ಬಾರದವರ ಹಾಗೆ ಇನ್ನೊಮ್ಮೆ ಎಣಿಸಿದರು. ಒಂಬತ್ತು. ಮುಖ ಎತ್ತದೆ ಅಲ್ಹಮ್ದುಲಿಲ್ಲಾಹ್ ಎಂದರು.

ಬದ್ರ್ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಬೂಟು ಎಳೆದಾಗ ನೀರು ಸುರಿಯಿತಂತೆ. ಒಳಗಿನ ಉಣ್ಣೆಯ ಪದರ ಹಿಂಡಿದರೆ ಲೋಟ ತುಂಬುತ್ತಿತ್ತಂತೆ. ತಂದೆಯ ಕಾಲು ಹೋಯಿತೆಂದು ಅವನು ಅಳುತ್ತಾ ತೊಗಲಿನ ಖುಫ್ ಎಳೆದರೆ, ಒಳಗಿನ ಕಾಲುಚೀಲ ಒಣಗಿತ್ತು. ಮೇಲಿನ ಅಂಚಿನಲ್ಲಿ ಎರಡು ಬೆರಳಗಲ ಒದ್ದೆ, ಅಷ್ಟೇ. ಆದರೂ ಅಲ್ಲಿನ ಡಾಕ್ಟರು ಎರಡು ದಿನ ಕಣ್ಣಿಟ್ಟುಕೊಂಡು ನೋಡಿ, ಏನೂ ಇಲ್ಲ ಎಂದು ಕಳುಹಿಸಿದರಂತೆ. ನಮಗೆ ಸಂದೇಶ ಕಳುಹಿಸಿದ ಆ ಗಡಿಬಿಡಿಯಲ್ಲಿ ಫೋನು ಐಸಿನ ಮೇಲೆಯೇ ಬಿದ್ದು ಹೋಗಿತ್ತು, ನಂಬರುಗಳೆಲ್ಲ ಅದರಲ್ಲೇ ಇದ್ದವು. "ನಾನು ನಕ್ಕಿದ್ದೆ ಅಯ್ಯೂಬ್, ಕ್ಷಮಿಸು," ಎಂದ. ನಾನಂತೂ ಅಲ್ಲೇ ಕ್ಷಮಿಸಿದೆ.

"ನೀರಿಗೆ ಬಿದ್ದ ಕೂಡಲೇ ಹೇಳಬಾರದಿತ್ತೇ?" ಎಂದು ಸಾಹೇಬರು ಮುದುಕರನ್ನು ಕೇಳಿದರು.

"ಮೀನು ಕಚ್ಚಿತ್ತು," ಎಂದರು ಅಬೂ ಬದ್ರ್. "ಮಗ ಮಾತಾಡುತ್ತಿದ್ದ."

ಎಲ್ಲರೂ ನಕ್ಕರು. ಮುದುಕರು ನಗಲಿಲ್ಲ. ಇವರತ್ತ ಬಗ್ಗಿ, "ರಟ್ಟು ತಾ," ಎಂದರು.

ಏಕೆಂದು ತಿಳಿಯದೆ ಇವರು ಒಂದು ಪೆಟ್ಟಿಗೆಯಿಂದ ರಟ್ಟು ಹರಿದು ತಂದರು. ಮುದುಕರು ಕುರ್ಚಿಯಿಂದ ಇಳಿದು, ಬದ್ರ್ ಹಿಡಿಯಲು ಬಂದರೆ ಅವನ ಕೈ ತಳ್ಳಿ, ನೆಲದ ಮೇಲೆ ಮಂಡಿಯೂರಿದರು. ಇವರನ್ನು ಕುರ್ಚಿಯಲ್ಲಿ ಕೂರಿಸಿದರು.

"ಈಗ ನಿನ್ನದು ತೆಗೆ."

"ನನಗ್ಯಾಕೆ ಅಬೂ ಬದ್ರ್? ನಾನೆಲ್ಲಿ ಐಸಿಗೆ ಹೋಗ್ತೇನೆ?"

"ಮುಂದಿನ ಫೆಬ್ರವರಿಗೆ ಮೂರು ಕುರ್ಚಿ ಎಂದು ಬದ್ರ್ ಆಗಲೇ ಬರೆದಿಟ್ಟಿದ್ದಾನೆ. ನೀನು ಬರುತ್ತೀಯೋ ಇಲ್ಲವೋ ಅದು ಆಮೇಲೆ. ಅಳತೆ ಇರಲಿ."

ಇವರು ಕಾಲುಚೀಲ ಕಳಚಲಿಲ್ಲ. ಕೊನೆಗೆ ಮುದುಕರೇ ಅದನ್ನು ಕಳಚಿ, ಅಭ್ಯಾಸವಿಲ್ಲದ ಕೈಯಲ್ಲಿ ಪೆನ್ನು ಹಿಡಿದು ಗೆರೆ ಎಳೆದರು. ಕಪ್ಪು ಬೆರಳುಗಳ ಹತ್ತಿರ ಬಂದಾಗ ಕೈ ನಿಧಾನವಾಯಿತು. ಗೆರೆ ಸೊಟ್ಟಪಟ್ಟ. ಎದ್ದು ನಿಂತು, ಪರದೆಯತ್ತ ಮುಖ ಮಾಡದೆ, ರಟ್ಟನ್ನು ಸಂದಿಯೊಳಗೆ ಚಾಚಿ, "ಮಗಳೇ, ಇವನಿಗೂ ಒಂದು ಜೊತೆ," ಎಂದರು.

ರಟ್ಟು ಕೈಗೆ ತೆಗೆದುಕೊಂಡೆ. ಆ ಕಾಲನ್ನು ಹದಿನೆಂಟು ವರ್ಷ ನೋಡಿದವಳು ನಾನು. ಹಾಸ್ಯ ಮಾಡಿದೆ, ಹುಣ್ಣಾದಾಗ ಮುಲಾಮು ಹಚ್ಚಿದೆ, ಬೈದೆ. ಊರವರ ಡೇರೆಗೆಲ್ಲ ಅಳತೆ ತೆಗೆದ ನನ್ನ ಕೈ ಒಂದು ದಿನವೂ ಆ ಕಾಲಿನ ಅಳತೆ ತೆಗೆದಿರಲಿಲ್ಲ. ಯಂತ್ರದ ಮುಂದೆ ಕುಳಿತು ಮನಸ್ಸು ತುಂಬ ಅತ್ತೆ. ಆಮೇಲೆ ಉಳಿದಿದ್ದ ತೊಗಲನ್ನು ಹರಡಿ ಕತ್ತರಿ ಹಿಡಿದೆ.

ಗಿರಾಕಿಗಳು ಹೋದ ಮೇಲೆ ಇವರು ಪರದೆ ಸರಿಸಿ ಒಳಗೆ ಬಂದರು. ಎಡಗಾಲು ಇನ್ನೂ ಬರಿಗಾಲಾಗಿಯೇ ಇತ್ತು, ಕಾಲುಚೀಲ ಕೈಯಲ್ಲಿತ್ತು.

"ಎಂತ ಮಾರಾಯ್ತಿ, ಈಗ್ಲೇ ಶುರುವಾ? ಸೀಸನ್ನಿಗೆ ಇನ್ನೂ ಒಂದು ವರ್ಷ ಉಂಟು."

"ಗೆರೆ ಸೊಟ್ಟ ಬಂದಿದೆ, ಇನ್ನೊಮ್ಮೆ ತೆಗೀಬೇಕು," ಎಂದೆ. "ಬಾಯಿ ಮುಚ್ಚಿಕೊಂಡು ಕಾಲು ಇತ್ತ ಕೊಡಿ."